ಐದು ಪುಸ್ತಕದಲ್ಲೂ ಒಂದೇ ತಪ್ಪು: ಉಡುಪಿಯ ಒಂದು ಕೆಮಿಸ್ಟ್ರಿ ಗುಂಪಿನ ಪ್ರಕರಣ

ಕಂಬೈಂಡ್ ಸ್ಟಡಿ ಅಂದರೆ ನಮ್ಮ ಉಡುಪಿ ಕಡೆಯ ಹೆತ್ತವರಲ್ಲಿ ಎರಡೇ ಅಭಿಪ್ರಾಯ. ಒಟ್ಟಿಗೆ ಕೂತು ಓದಿದರೆ ಬೇಗ ತಲೆಗೆ ಹೋಗ್ತದೆ ಅನ್ನುವವರು ಕೆಲವರು. ಎಂತ ಓದುವುದು, ಸುಮ್ನೆ ಪಟ್ಟಾಂಗ ಹೊಡೆಯುವುದು ಅನ್ನುವವರು ಉಳಿದವರು. ನಾನು ಹತ್ತಿರದಿಂದ ನೋಡಿದ ಗುಂಪಿನಲ್ಲಿ ಎರಡೂ ಆಗಲಿಲ್ಲ. ಪಟ್ಟಾಂಗ ಕಡಿಮೆಯೇ ಇತ್ತು, ಮಕ್ಕಳು ಮನಸ್ಸಿಟ್ಟು ಓದಿದರು, ಆದರೂ ಮೊದಲ ಕೆಲವು ತಿಂಗಳು ಒಬ್ಬಳನ್ನು ಬಿಟ್ಟರೆ ಯಾರಿಗೂ ಏನೂ ಹತ್ತಲಿಲ್ಲ. ಯಾಕೆ ಹತ್ತಲಿಲ್ಲ, ಆಮೇಲೆ ಏನು ಬದಲಾಯಿತು ಅಂತ ಬರೆದಿಡುತ್ತಿದ್ದೇನೆ. ಸೆಕೆಂಡ್ ಪಿಯು ಮಕ್ಕಳು ಮನೆಯಲ್ಲಿರುವವರಿಗೆ ಉಪಯೋಗಕ್ಕೆ ಬಂದೀತು.

ಇದು 2023-24ರ ಬ್ಯಾಚು. ನಾನು ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುವವಳು, ಆದರೆ ಈ ಐದು ಮಂದಿ ನನ್ನ ಕಾಲೇಜಿನವರಲ್ಲ. ಅವರಲ್ಲಿ ಒಬ್ಬಳು ನನ್ನ ಅಕ್ಕನ ಮಗಳು. ಅಂಬಲಪಾಡಿಯ ನಮ್ಮ ಮನೆಯ ಟೆರೇಸಿಗೆ ಶೀಟು ಹಾಕಿಸಿ ಒಂದು ಬೋರ್ಡು ಇಟ್ಟಿದ್ದೆವು. ಎಲ್ಲರಿಗೂ ಬಸ್ಸಿಗೆ ಅನುಕೂಲ ಅಂತ ಅಲ್ಲೇ ಸೇರುತ್ತಿದ್ದರು, ಭಾನುವಾರ ಮತ್ತು ವಾರದ ನಡುವೆ ಒಂದು ಸಂಜೆ. ನಾನು ಪಾಠ ಮಾಡುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಚಾ ಕೊಡುತ್ತೇನೆ, ಸಿಕ್ಕಿಹಾಕಿಕೊಂಡರೆ ಕೇಳಿ, ಅಷ್ಟೇ.

ಹೆಸರು ಹಾಕುವುದಿಲ್ಲ. ನಮ್ಮಲ್ಲಿ ಹೇಗೂ ಊರಿನ ಮೇಲೆ ಗುರುತು ಹೇಳುವ ಅಭ್ಯಾಸ ಉಂಟಲ್ಲ, ಹಾಗೇ ಕರೆಯುತ್ತೇನೆ. ಮಲ್ಪೆಯವಳು ಗುಂಪಿನಲ್ಲೇ ಚುರುಕು, ಡಾಕ್ಟರಾಗಬೇಕೆಂಬ ಹಟ, ನೀಟ್ ಬರೆಯುವವಳು. ಹಿರಿಯಡ್ಕದವನಿಗೆ ಲೆಕ್ಕ ಅಂದರೆ ಇಷ್ಟ, ಆರ್ಗ್ಯಾನಿಕ್ ಅಂದರೆ ತಲೆನೋವು, ಗುರಿ ಇಂಜಿನಿಯರಿಂಗ್. ಕಟಪಾಡಿಯವಳು, ಅಂದರೆ ನಮ್ಮ ಹುಡುಗಿ, ಬಾಯಿಪಾಠದಲ್ಲಿ ಎತ್ತಿದ ಕೈ. ಕಾಪುವಿನವನಿಗೆ ಮಾತು ಕಡಿಮೆ, ನೋಟ್ಸ್ ಮಾತ್ರ ನೋಡಲು ಚಂದ, ನಾಲ್ಕು ಬಣ್ಣದ ಪೆನ್ನು, ಸ್ಕೇಲಿಟ್ಟು ಎಳೆದ ಗೆರೆ. ಬ್ರಹ್ಮಾವರದವನು ಸೈನ್ಸಿಗೆ ಬಂದದ್ದೇ ಅಪ್ಪನ ಒತ್ತಾಯಕ್ಕೆ. ಅವರದ್ದು ಎಲೆಕ್ಟ್ರಿಕಲ್ ಅಂಗಡಿ, ರಜೆಯಲ್ಲಿ ಇವನೇ ವೈರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಕೆಮಿಸ್ಟ್ರಿಯಲ್ಲಿ ಪಾಸಾದರೆ ಸಾಕು ಅನ್ನುವ ಸ್ಥಿತಿ.

ಪಾಸಾದರೆ ಸಾಕು ಅನ್ನುವುದು ಈ ಜಿಲ್ಲೆಯಲ್ಲಿ ಬಾಯಿಬಿಟ್ಟು ಹೇಳುವ ಮಾತಲ್ಲ. ಪಿಯು ಫಲಿತಾಂಶ ಬಂದಾಗ ಮೇಲಿನ ಎರಡು ಸ್ಥಾನ ದಕ್ಷಿಣ ಕನ್ನಡ ಮತ್ತು ಉಡುಪಿಯದ್ದೇ ಅಂತ ಜನ ಲೆಕ್ಕ ಹಾಕಿಟ್ಟಿರುತ್ತಾರೆ. ಈ ಮಕ್ಕಳು ಬರೆದ 2024ರಲ್ಲೂ ಹಾಗೇ ಆಯಿತು, ದಕ್ಷಿಣ ಕನ್ನಡ ಶೇ. 97.37, ಉಡುಪಿ ಶೇ. 96.80. ಇಷ್ಟು ಮಂದಿ ಪಾಸಾಗುವ ಊರಲ್ಲಿ ಫೇಲಾಗುವವನ ಮೇಲೆ ಎಷ್ಟು ಕಣ್ಣು ಬೀಳುತ್ತದೆ ಅಂತ ಯೋಚನೆ ಮಾಡಿ.

ಮಳೆಗಾಲದ ಮೊದಲ ಪಾಠ

ಶುರುವಾದದ್ದು ಜುಲೈಯಲ್ಲಿ. ಮಳೆಗೆ ಡಿಸಿ ರಜೆ ಕೊಟ್ಟ ದಿನಗಳಲ್ಲೂ ಇವರು ಕೊಡೆ ಹಿಡಿದು ಬರುತ್ತಿದ್ದರು. ಶೀಟಿನ ಮೇಲೆ ಮಳೆ ಬಿದ್ದರೆ ಯಾರು ಏನು ಹೇಳಿದರೂ ಕೇಳುವುದಿಲ್ಲ, ಅದಕ್ಕೇ ಎಲ್ಲವನ್ನೂ ಬೋರ್ಡಿನಲ್ಲಿ ಬರೆಯುವ ಅಭ್ಯಾಸ ಆಯಿತು.

ಮೊದಲ ಎಡವಟ್ಟು ಹಳೇ ನೋಟ್ಸಿನದ್ದು. ಕಾಪುವಿನವನಿಗೆ ಪಕ್ಕದ ಮನೆಯ ಸೀನಿಯರ್ ಒಬ್ಬರು ಪೂರ್ತಿ ನೋಟ್ಸಿನ ಕಟ್ಟು ಕೊಟ್ಟಿದ್ದರು. ಅದರ ಮೊದಲ ಅಧ್ಯಾಯ ಸಾಲಿಡ್ ಸ್ಟೇಟ್. ಐವರೂ ಕೂತು ಘನಾಕೃತಿಯ ಯುನಿಟ್ ಸೆಲ್ ಚಿತ್ರ ಬಿಡಿಸಿ, ಪ್ಯಾಕಿಂಗ್ ಎಫಿಶಿಯೆನ್ಸಿ ಶೇ. 74 ಅಂತೆಲ್ಲ ಲೆಕ್ಕ ಮಾಡಿ, ಎರಡನೇ ಅಧ್ಯಾಯಕ್ಕೆ ಹೋಗುವ ಹೊತ್ತಿಗೆ ನಾನು ಮೇಲೆ ಹೋದೆ. ಆ ವರ್ಷದ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಆ ಅಧ್ಯಾಯವೇ ಇಲ್ಲ. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಲೋಹಗಳನ್ನು ಬೇರ್ಪಡಿಸುವ ಅಧ್ಯಾಯ, ಪಿ-ಬ್ಲಾಕ್, ಪಾಲಿಮರ್, ದಿನನಿತ್ಯದ ಕೆಮಿಸ್ಟ್ರಿ, ಇಷ್ಟೂ ಹೋಗಿ 16 ಇದ್ದದ್ದು 10 ಆಗಿತ್ತು. ಕ್ಲಾಸಲ್ಲಿ ಹೇಳಿದ್ದರು, ಇವರು ಕೇಳಿಯೂ ಇದ್ದರು. ಆದರೆ ಕೈಯಲ್ಲಿ ಸಿದ್ಧ ನೋಟ್ಸ್ ಇದ್ದಾಗ ಪುಸ್ತಕದ ಪರಿವಿಡಿ ಯಾರು ತೆರೆದು ನೋಡ್ತಾರೆ, ಅಲ್ವಾ? ಈ ಸಾಲಿಡ್ ಸ್ಟೇಟ್ ಮುಂದೆ ಒಮ್ಮೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಓದುವ ಕ್ರಮ ಹೀಗಿತ್ತು. ಮಲ್ಪೆಯವಳು ಬೋರ್ಡಿನ ಹತ್ತಿರ ನಿಂತು ವಿವರಿಸುವುದು, ಉಳಿದವರು ಕೇಳಿ ಬರೆದುಕೊಳ್ಳುವುದು. ಲೆಕ್ಕ ಬಂದರೆ ಚಾಕ್‌ಪೀಸು ಹಿರಿಯಡ್ಕದವನ ಕೈಗೆ. ನೋಡಲು ಬಹಳ ಚಂದ. ಹುಡುಗಿ ಚೆನ್ನಾಗಿಯೇ ಹೇಳುತ್ತಿದ್ದಳು, ನಮ್ಮಲ್ಲಿ ಕೆಲವು ಲೆಕ್ಚರರ್‌ಗಳಿಗಿಂತ ವಾಸಿ. ಎಲ್ಲರೂ ತಲೆ ಆಡಿಸುತ್ತಿದ್ದರು, "ಅರ್ಥ ಆಯ್ತು ಮಾರಾಯ್ತಿ, ಮುಂದೆ ಹೋಗು" ಅನ್ನುತ್ತಿದ್ದರು. ವಾರಕ್ಕೊಂದು ಅಧ್ಯಾಯದ ಹತ್ತಿರ ಹತ್ತಿರ ಮುಗಿಯುತ್ತಿತ್ತು. ಆದರೆ ರಾತ್ರಿಯಿಡೀ ಕೂತು ಯಕ್ಷಗಾನದ ಆಟ ನೋಡಿದವರಿಗೆಲ್ಲ ಗೆಜ್ಜೆ ಕಟ್ಟಿ ಕುಣಿಯಲು ಬರುವುದಿಲ್ಲವಲ್ಲ. ಹೇಳಿದವಳಿಗೆ ಬಂತು. ಕೇಳಿದವರಿಗೆ, ಚೆನ್ನಾಗಿ ಹೇಳಿದಳು ಅನ್ನುವ ನೆನಪು ಉಳಿಯಿತು.

ಎಲೆಕ್ಟ್ರೋಕೆಮಿಸ್ಟ್ರಿ ಬಂದಾಗ ಬಣ್ಣ ಬಯಲಾಯಿತು. ಲೆಕ್ಕ ಸಾದಾ. ಡೇನಿಯಲ್ ಸೆಲ್, ಅಂದರೆ ಜಿಂಕ್ ಮತ್ತು ತಾಮ್ರದ ಬ್ಯಾಟರಿ, ಸ್ಟ್ಯಾಂಡರ್ಡ್ ವೋಲ್ಟೇಜ್ 1.10. ಜಿಂಕ್ ಅಯಾನು 0.1 ಮೋಲಾರ್, ತಾಮ್ರದ ಅಯಾನು 0.01 ಮೋಲಾರ್. ಅಯಾನಿನ ಪ್ರಮಾಣ ಬದಲಾದರೆ ವೋಲ್ಟೇಜ್ ಎಷ್ಟಾಗುತ್ತದೆ ಅಂತ ಹೇಳುವ ನರ್ನ್ಸ್ಟ್ ಸಮೀಕರಣ ಹಾಕಿ ಅದನ್ನು ಕಂಡುಹಿಡಿಯಿರಿ. ಲಾಗ್ ಒಳಗೆ ಜಿಂಕ್ ಮೇಲೆ, ತಾಮ್ರ ಕೆಳಗೆ. ಅನುಪಾತ 10, ಅದರ ಲಾಗ್ 1. 0.059ನ್ನು 2ರಿಂದ ಭಾಗಿಸಿದರೆ 0.0295, ಕಳೆದರೆ 1.0705 ವೋಲ್ಟ್. ಚಾ ತಂದಿಟ್ಟು ನೆಲದ ಮೇಲೆ ತೆರೆದಿದ್ದ ಪುಸ್ತಕಗಳ ಮೇಲೆ ಕಣ್ಣಾಡಿಸಿದೆ. ಐದರಲ್ಲೂ 1.1295. ಐದರಲ್ಲೂ ಕೆಳಗೆ ಎರಡು ಗೆರೆ. ಕಾಪುವಿನವನದ್ದರಲ್ಲಿ ಹಸಿರು ಡಬ್ಬಿ ಬೇರೆ.

"ಇದು ಯಾರು ಮಾಡಿದ್ದು?" ಅಂತ ಕೇಳಿದೆ.

"ನಾನು ಬೋರ್ಡಲ್ಲಿ ಮಾಡಿದೆ ಮೇಡಂ," ಅಂದ ಹಿರಿಯಡ್ಕದವನು. "ಎಲ್ಲರದ್ದೂ ಟ್ಯಾಲಿ ಆಗಿದೆ."

ಟ್ಯಾಲಿ ಆಗದೆ ಏನು, ನಾಲ್ವರೂ ಅವನದ್ದನ್ನೇ ನೋಡಿ ಬರೆದದ್ದು. ಅವಸರದಲ್ಲಿ ಅನುಪಾತ ತಲೆಕೆಳಗೆ ಹಾಕಿದ್ದ, ಲಾಗ್ ಮೈನಸ್ ಬಂತು, ಕಳೆಯುವುದು ಕೂಡುವುದಾಯಿತು. ಲೆಕ್ಕ ಬರುವವನು ಮಾಡಿದ್ದು ಅಂತ ಯಾರೂ ಪ್ರಶ್ನೆ ಮಾಡಲಿಲ್ಲ. ನಾನು ತಪ್ಪು ಅಂತ ಹೇಳಲಿಲ್ಲ, ಒಂದೇ ಪ್ರಶ್ನೆ ಕೇಳಿದೆ: ಸೆಲ್ ಓಡುವಾಗ ಜಿಂಕ್ ಕರಗಿ ಅಯಾನು ಆಗುತ್ತದೆ, ತಾಮ್ರದ ಅಯಾನು ಖರ್ಚಾಗುತ್ತದೆ. ಈಗ ಆಗಲೇ ಜಿಂಕ್ ಅಯಾನು ಜಾಸ್ತಿ ಉಂಟು, ತಾಮ್ರದ್ದು ಕಡಿಮೆ ಉಂಟು. ಹಾಗಾದರೆ ಸೆಲ್ಲಿನ ಜೋರು 1.10ಕ್ಕಿಂತ ಹೆಚ್ಚಾಗಬೇಕಾ, ಕಡಿಮೆಯಾಗಬೇಕಾ?

ಮೊದಲು ಉತ್ತರ ಹೇಳಿದ್ದು ಬ್ರಹ್ಮಾವರದವನು. "ಬ್ಯಾಟರಿ ಸ್ವಲ್ಪ ಇಳಿದ ಹಾಗೆ ಅಲ್ವಾ ಮೇಡಂ, ಕಡಿಮೆ ಬರಬೇಕು." ಇನ್ವರ್ಟರ್ ಬ್ಯಾಟರಿ ಕಟ್ಟುವ ಮನೆಯ ಹುಡುಗ. ಅವನ ಪುಸ್ತಕದಲ್ಲೂ 1.1295 ಇತ್ತು, ಅದು ಬೇರೆ ವಿಷಯ.

ಇಷ್ಟಾದರೂ ಬುದ್ಧಿ ಬಂದದ್ದು ಮಿಡ್‌ಟರ್ಮ್ ಅಂಕ ಬಂದ ಮೇಲೆ. ಮಲ್ಪೆಯವಳಿಗೆ ಭರ್ಜರಿ ಅಂಕ, ಹಿರಿಯಡ್ಕದವನಿಗೆ ಪರವಾಗಿಲ್ಲ ಅನ್ನುವಷ್ಟು, ಉಳಿದ ಮೂವರದ್ದು ಫಸ್ಟ್ ಪಿಯುವಿನಲ್ಲಿ ಇದ್ದಲ್ಲೇ ಇತ್ತು. ಕಟಪಾಡಿಯವಳು ಅತ್ತಳು. ಒಟ್ಟಿಗೆ ಓದಿ ಅವಳಿಗೆ ಮಾತ್ರ ಬಂತು ಅಂತ ಹೊಟ್ಟೆಕಿಚ್ಚೂ ಸ್ವಲ್ಪ ಇತ್ತು, ಸುಳ್ಳು ಹೇಳುವುದ್ಯಾಕೆ. ಗುಂಪು ಬಿಡುವ ಮಾತೂ ಬಂತು. ಆಗ ಬ್ರಹ್ಮಾವರದವನು ಒಂದು ಮಾತು ಹೇಳಿದ: "ನಂಗೆ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತುಂಟು. ಇನ್ನು ಬೋರ್ಡಿಗೆ ನಾನು ಹೋಗ್ತೇನೆ. ನೀವು ಬಾಯಿ ಮುಚ್ಚಿ ಕೂತುಕೊಳ್ಳಿ, ತಪ್ಪಿದರೆ ಮಾತ್ರ ಹೇಳಿ."

ಬಾರದವನು ಬೋರ್ಡಿಗೆ

ದಸರಾ ರಜೆ ಕಳೆದ ಮೇಲೆ ಕ್ರಮ ಪೂರ್ತಿ ಬದಲಾಯಿತು. ಮನೆಯಲ್ಲಿ ಒಬ್ಬರೇ ಓದಿಕೊಂಡು ಬರಬೇಕು. ಚೀಟಿ ಎತ್ತಿ ಯಾರ ಹೆಸರು ಬಂತೋ ಅವರು ಪುಸ್ತಕ ಮುಚ್ಚಿ ಬೋರ್ಡಿನಲ್ಲಿ ಹೇಳಬೇಕು. ಚೆನ್ನಾಗಿ ಗೊತ್ತಿದ್ದವರು ಕೊನೆಗೆ ಬಾಯಿ ಬಿಡಬೇಕು. ಲೆಕ್ಕವಾದರೆ ಎಲ್ಲರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಮಾಡಿ ಪುಸ್ತಕ ಮಗುಚಿ ಇಡಬೇಕು. ಉತ್ತರ ಹೇಳುವ ಮೊದಲು ಜಾಸ್ತಿ ಬರಬೇಕಾ ಕಡಿಮೆ ಬರಬೇಕಾ, ಯುನಿಟ್ ಎಂತ, ಇಷ್ಟು ಬಾಯಲ್ಲಿ ಹೇಳಬೇಕು. ಭಾಷೆ ಯಾವುದಾದರೂ ಆದೀತು. ಪುಸ್ತಕ ಇಂಗ್ಲಿಷಿನದ್ದು, ಬೋರ್ಡಿನ ಹತ್ತಿರ ನಡೆಯುತ್ತಿದ್ದದ್ದು ಅರ್ಧ ತುಳು, ಅರ್ಧ ಕನ್ನಡ. ಪುಸ್ತಕದ ವಾಕ್ಯವನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿ ಪಾರಾಗುವ ದಾರಿ ಅದರಿಂದ ಮುಚ್ಚಿತು, ಇದು ನಮ್ಮ ಹುಡುಗಿಗೆ ಬಹಳ ಕಷ್ಟವಾಯಿತು.

ಅವಳ ಕಷ್ಟ ನೋಡಿ. ಆಲ್ಡಿಹೈಡ್ ಅಧ್ಯಾಯದ ಹೆಸರಿನ ಪ್ರತಿಕ್ರಿಯೆಗಳೆಲ್ಲ ಬಾಯಿಪಾಠ. ರೋಸೆನ್‌ಮಂಡ್, ಕ್ಲೆಮೆನ್ಸನ್, ಆಲ್ಡಾಲ್, ಕ್ಯಾನಿಝಾರೋ, ಕೇಳಿದರೆ ಸಮೀಕರಣ ಸಮೇತ ಬರೆಯುತ್ತಾಳೆ. ಹಿರಿಯಡ್ಕದವನು ಕೇಳಿದ, ಅಸಿಟಾಲ್ಡಿಹೈಡಿಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಎಂತ ಆಗ್ತದೆ? ಆಲ್ಡಿಹೈಡು, ಕ್ಷಾರ, ಹಾಗಾದರೆ ಕ್ಯಾನಿಝಾರೋ ಅಂದುಬಿಟ್ಟಳು, ಅದು ತಪ್ಪು. ಕಾರ್ಬೋನಿಲ್‌ನ ಪಕ್ಕದ ಕಾರ್ಬನ್ನಿನಲ್ಲಿ ಹೈಡ್ರೋಜನ್ ಇದ್ದರೆ ಆಲ್ಡಾಲ್ ದಾರಿ, ಆ ಆಲ್ಫಾ ಹೈಡ್ರೋಜನ್ ಇಲ್ಲದ ಫಾರ್ಮಾಲ್ಡಿಹೈಡ್, ಬೆಂಝಾಲ್ಡಿಹೈಡಿನಂಥವಕ್ಕೆ ಮಾತ್ರ ಕ್ಯಾನಿಝಾರೋ. ಹೆಸರು ಹೇಳಿದರೆ ಪ್ರತಿಕ್ರಿಯೆ ಬರುತ್ತಿತ್ತು, ಪದಾರ್ಥ ತೋರಿಸಿದರೆ ಯಾವುದು ನಡೆಯುತ್ತದೆ ಅಂತ ಹೊಳೆಯುತ್ತಿರಲಿಲ್ಲ. ಪರೀಕ್ಷೆಯಲ್ಲಿ ಎರಡೂ ಕೇಳುತ್ತಾರೆ. ಅಲ್ಲಿಂದ ಅವಳು ಪ್ರತಿ ಹೆಸರಿನ ಪಕ್ಕ 'ಯಾವಾಗ ಆಗುವುದಿಲ್ಲ' ಅಂತ ಒಂದು ಸಾಲು ಬರೆಯಲು ಶುರು ಮಾಡಿದಳು. ಗೇಬ್ರಿಯಲ್ ಥ್ಯಾಲಿಮೈಡ್‌ನಿಂದ ಅನಿಲಿನ್ ಮಾಡಲಿಕ್ಕಾಗುವುದಿಲ್ಲ, ಹಾಫ್‌ಮನ್ ಬ್ರೋಮಮೈಡಿನಲ್ಲಿ ಒಂದು ಕಾರ್ಬನ್ ಕಡಿಮೆ ಆಗುತ್ತದೆ, ಹೀಗೆ. ನನ್ನ ಲೆಕ್ಕದಲ್ಲಿ ಇಡೀ ವರ್ಷದಲ್ಲಿ ಅವಳು ಬರೆದದ್ದರಲ್ಲಿ ಬೆಲೆ ಬಾಳುವುದು ಆ ಸಾಲುಗಳೇ.

ಬ್ರಹ್ಮಾವರದವನ ಸರದಿ ಬಂದದ್ದು ಕೆಮಿಕಲ್ ಕೈನೆಟಿಕ್ಸಿಗೆ. ಫಸ್ಟ್ ಆರ್ಡರ್ ಪ್ರತಿಕ್ರಿಯೆ ಶೇ. 99.9 ಮುಗಿಯಲು ಅದರ ಅರ್ಧಾಯುಷ್ಯದ, ಅಂದರೆ ಇದ್ದದ್ದು ಅರ್ಧ ಆಗಲು ಹಿಡಿಯುವ ಹೊತ್ತಿನ, ಸುಮಾರು 10 ಪಟ್ಟು ಸಮಯ ಬೇಕು ಅಂತ ತೋರಿಸಿ, ವರ್ಷ ವರ್ಷ ಬರುವಂಥ ಪ್ರಶ್ನೆ. ಲಾಗ್ ಸೂತ್ರ ಅವನಿಗೆ ನೆನಪಾಗಲಿಲ್ಲ. ಚಾಕ್‌ಪೀಸು ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ 100 ಬರೆದ, ಕೆಳಗೆ 50, ಅದರ ಕೆಳಗೆ 25, ಹೀಗೇ ಅರ್ಧ ಅರ್ಧ ಮಾಡುತ್ತಾ ಹೋದ. ಬೋರ್ಡಿನ ಕೆಳಗಿನ ಅಂಚಿಗೆ ಬರುವಾಗ ಹತ್ತನೇ ಸಲ, ಉಳಿದದ್ದು 0.1ಕ್ಕಿಂತ ಸ್ವಲ್ಪ ಕಡಿಮೆ. "ಹತ್ತು ಸಲ ಅರ್ಧ ಆಯ್ತು. ಅಲ್ಲಿಗೆ ಮುಗೀತಲ್ಲ?" ಮಲ್ಪೆಯವಳಿಗೆ ಸೂತ್ರ ಹಾಕಿ 6.9ನ್ನು 0.693ರಿಂದ ಭಾಗಿಸಲು ಗೊತ್ತಿತ್ತು, ಆದರೆ ಹತ್ತು ಯಾಕೆ ಬರುತ್ತದೆ ಅಂತ ಅವಳು ಆವರೆಗೆ ನೋಡಿರಲಿಲ್ಲ. ಎರಡನ್ನು ಹತ್ತು ಸಲ ಗುಣಿಸಿದರೆ 1024, ಅಷ್ಟೇ ಕಥೆ. ಪರೀಕ್ಷೆಗೆ ಸೂತ್ರದ ದಾರಿಯೇ ಬೇಕು, ಅಂಕ ಹಂತ ಹಂತಕ್ಕೆ ಕೊಡುವುದು, ಅದನ್ನೂ ಅವನಿಗೆ ಆಮೇಲೆ ಬರೆಸಿದರು. ಎಂಸಿಕ್ಯೂಗೆ ಮಾತ್ರ ಎಲ್ಲರೂ ಅವನ ದಾರಿ ಹಿಡಿದರು.

ಇನ್ನು ಅಮೀನ್, ಅಂದರೆ ಅಮೋನಿಯಾದ ಹೈಡ್ರೋಜನ್ ಜಾಗಕ್ಕೆ ಕಾರ್ಬನ್ ಗುಂಪು ಬಂದ ವಸ್ತು. ನನಗೆ ಈ ಇಡೀ ಪ್ರಕರಣದಲ್ಲಿ ಹೆಚ್ಚು ಖುಷಿ ಕೊಟ್ಟ ಸಂಜೆ ಅದು. ಪ್ರಶ್ನೆ: ನೀರಿನಲ್ಲಿ ಮಿಥೈಲ್ ಅಮೀನ್‌ಗಳಲ್ಲಿ ಯಾವುದು ಹೆಚ್ಚು ಪ್ರಬಲ ಬೇಸ್, ಅಂದರೆ ಯಾವುದು ಪ್ರೋಟಾನನ್ನು ಹೆಚ್ಚು ಸುಲಭವಾಗಿ ತೆಗೆದುಕೊಳ್ಳುತ್ತದೆ? ಚೀಟಿಯಲ್ಲಿ ಬಂದದ್ದು ಕಾಪುವಿನವನ ಹೆಸರು. ಮಿಥೈಲ್ ಗುಂಪು ಎಲೆಕ್ಟ್ರಾನ್ ತಳ್ಳುತ್ತದೆ, ಮೂರು ಇದ್ದರೆ ಜಾಸ್ತಿ ತಳ್ಳುತ್ತದೆ, ಹಾಗಾಗಿ ಟ್ರೈಮಿಥೈಲ್ ಅಮೀನ್ ಎಲ್ಲಕ್ಕಿಂತ ಪ್ರಬಲ ಅಂದ. ತರ್ಕ ಸರಿಯಾಗಿಯೇ ಉಂಟು. ಕಟಪಾಡಿಯವಳಿಗೆ ಪುಸ್ತಕದ ಕೋಷ್ಟಕ ಬಾಯಿಗೆ ಬರುತ್ತದೆ: ಪಿಕೆಬಿ ಬೆಲೆ ಡೈಮಿಥೈಲ್‌ಗೆ 3.27, ಮಿಥೈಲ್‌ಗೆ 3.38, ಟ್ರೈಮಿಥೈಲ್‌ಗೆ 4.22. ಬೆಲೆ ಕಡಿಮೆ ಇದ್ದರೆ ಬೇಸ್ ಪ್ರಬಲ. ಅಂದರೆ ಮೂರು ಮಿಥೈಲ್ ಇದ್ದದ್ದೇ ಮೂರರಲ್ಲಿ ಸೋತಿದೆ. "ತಪ್ಪು ಮಾರಾಯ" ಅಂದಳು. ಯಾಕೆ ತಪ್ಪು ಅಂತ ಅವಳಿಗೂ ಗೊತ್ತಿಲ್ಲ.

ಮಲ್ಪೆಯವಳು ನಿಯಮ ಪಾಲಿಸಿ ಬಾಯಿ ಮುಚ್ಚಿ ಕೂತಿದ್ದಳು, ಕೂತಲ್ಲೇ ಚಡಪಡಿಸುತ್ತಿದ್ದಳು. ಬ್ರಹ್ಮಾವರದವನು ಕೇಳಿದ, "ನೀರಲ್ಲಿ ಅಂತ ಪ್ರಶ್ನೆಯಲ್ಲಿ ಯಾಕೆ ಹಾಕಿದ್ದಾರೆ? ನೀರಿಲ್ಲದಿದ್ದರೆ ಬೇರೆ ಆಗ್ತದಾ?" ಆಗುತ್ತದೆ. ಗ್ಯಾಸ್ ಸ್ಥಿತಿಯಲ್ಲಿ ಕಾಪುವಿನವನು ಹೇಳಿದ ಕ್ರಮವೇ ಸರಿ. ನೀರಿನಲ್ಲಿ ಅಮೀನ್ ಒಂದು ಪ್ರೋಟಾನ್ ತೆಗೆದುಕೊಂಡು ಧನ ಅಯಾನು ಆದ ಮೇಲೆ ಅದನ್ನು ನೀರು ಹೈಡ್ರೋಜನ್ ಬಂಧದಿಂದ ಹಿಡಿದು ನಿಲ್ಲಿಸಬೇಕು. ಒಂದು ಮಿಥೈಲ್ ಇರುವ ಪ್ರೈಮರಿಯ ಅಯಾನಿನಲ್ಲಿ ನೈಟ್ರೋಜನ್ನಿಗೆ ಅಂಟಿದ ಹೈಡ್ರೋಜನ್ ಮೂರು, ಮೂರು ಮಿಥೈಲಿನ ಟರ್ಷರಿಯದರಲ್ಲಿ ಒಂದೇ. ತಳ್ಳುವುದರಲ್ಲಿ ಟರ್ಷರಿಗೆ ಲಾಭ, ನೀರಿನ ಆಸರೆಯಲ್ಲಿ ನಷ್ಟ, ಎರಡೂ ಕೂಡಿ ನಡುವಿನ ಸೆಕೆಂಡರಿ, ಅಂದರೆ ಡೈಮಿಥೈಲ್, ಗೆಲ್ಲುತ್ತದೆ. ಈಥೈಲ್ ಗುಂಪಿಗೆ ಹೋದರೆ ತಳ್ಳುವ ಶಕ್ತಿ ಸ್ವಲ್ಪ ಹೆಚ್ಚು, ಅಲ್ಲಿ ಟರ್ಷರಿ ಎರಡನೇ ಸ್ಥಾನಕ್ಕೆ ಏರುತ್ತದೆ, ಪ್ರೈಮರಿ ಕೆಳಗೆ ಇಳಿಯುತ್ತದೆ. ಈ ಎರಡು ಕ್ರಮವನ್ನು ಮಕ್ಕಳು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವುದನ್ನು ನಾನು ಪ್ರತಿ ವರ್ಷ ಪೇಪರಿನಲ್ಲಿ ನೋಡುತ್ತೇನೆ. ಈ ಐವರು ತಪ್ಪಲಿಲ್ಲ, ಯಾಕೆಂದರೆ ಅದು ಜಗಳ ಮಾಡಿ ಕಲಿತದ್ದು.

ಕೊನೆಗೆ ಮಲ್ಪೆಯವಳಿಗೆ ಬಾಯಿ ಬಿಡಲು ಅನುಮತಿ ಸಿಕ್ಕಿತು. ಅವಳು ಹೇಳಿದ್ದು ಪುಸ್ತಕದ್ದಲ್ಲ, ಮೀನಿನದ್ದು. ಹಳತಾದ ಕಡಲ ಮೀನಿನ ವಾಸನೆಗೆ ಮುಖ್ಯ ಕಾರಣ ಇದೇ ಟ್ರೈಮಿಥೈಲ್ ಅಮೀನ್. ಅಮ್ಮ ಮೀನಿಗೆ ಹುಳಿ ಹಚ್ಚಿ ತೊಳೆದಾಗ ಹುಳಿಯ ಆಸಿಡ್ ಜೊತೆ ಸೇರಿ ಅದು ಲವಣ ಆಗುತ್ತದೆ, ಲವಣ ಹಾರಿ ಮೂಗಿಗೆ ಬರುವುದಿಲ್ಲ. ಬೇಸ್ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಅಂತ ಕೇಳಿದಳು. ನಮ್ಮ ಮನೆ ಸಸ್ಯಾಹಾರದ್ದು, ಆದರೂ ಅವತ್ತಿನಿಂದ ಈ ಉದಾಹರಣೆ ನನ್ನ ಕ್ಲಾಸಿಗೂ ಹೋಗಿದೆ.

ಗುಂಪಿಗೆ ಸೇರದ ಕೆಲಸಗಳು

ಎಲ್ಲವನ್ನೂ ಒಟ್ಟಿಗೆ ಮಾಡಬಾರದು ಅನ್ನುವುದು ಡಿಸೆಂಬರ್ ಹೊತ್ತಿಗೆ ಗೊತ್ತಾಯಿತು. ಬಾಯಿಪಾಠದ ಸಂಗತಿ, ಅಂದರೆ ಡಿ-ಬ್ಲಾಕಿನ ಬಣ್ಣಗಳು, ಬಯೋಮಾಲಿಕ್ಯೂಲ್ಸಿನ ವಿಟಮಿನ್ ಪಟ್ಟಿ, ಇದಕ್ಕೆಲ್ಲ ಐದು ಮಂದಿ ಬಸ್ಸು ಹತ್ತಿ ಬರಬೇಕಾಗಿಲ್ಲ. ಅದು ಮನೆಗೆ.

ಜಾಸ್ತಿ ತೊಂದರೆ ಕೊಟ್ಟದ್ದು ಪಿ-ಬ್ಲಾಕ್. ಬೋರ್ಡ್ ಪರೀಕ್ಷೆಗೆ ಅದು ಇಲ್ಲ. 2024ರ ನೀಟ್ ಪಠ್ಯದಲ್ಲಿ ಸಾಲಿಡ್ ಸ್ಟೇಟ್, ಪಾಲಿಮರ್ ಎಲ್ಲ ಹೋದರೂ ಪಿ-ಬ್ಲಾಕ್ ಉಳಿಯಿತು, ಮೇಲಿಂದ ಪ್ರಾಕ್ಟಿಕಲ್ ಕೆಮಿಸ್ಟ್ರಿಯ ತತ್ವಗಳು ಅಂತ ಹೊಸ ಘಟಕ ಸೇರಿತು. ನೀಟಿನಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1, ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30. ಮೂರೂ ಕೆಮಿಸ್ಟ್ರಿಯೇ, ಓದುವ ರೀತಿ ಮಾತ್ರ ಮೂರು. ಮಲ್ಪೆಯವಳು ಪಿ-ಬ್ಲಾಕ್ ತೆಗೆದರೆ ಉಳಿದವರು ಮೊಬೈಲ್ ತೆಗೆಯುತ್ತಿದ್ದರು. ಅವಳು ಬೇಸರ ಮಾಡಿಕೊಂಡು ಒಂದೆರಡು ವಾರ ಬರಲಿಲ್ಲ. ಕೊನೆಗೆ ಒಪ್ಪಂದ ಆಯಿತು: ನಡುವಾರದ ಸಂಜೆ ಬೋರ್ಡ್ ಪರೀಕ್ಷೆಗೆ ಮಾತ್ರ, ಭಾನುವಾರದ ಕೊನೆಯ ಒಂದು ಗಂಟೆ ಅವರವರ ಎಂಟ್ರೆನ್ಸಿಗೆ. ನೀಟ್, ಸಿಇಟಿ ಎಲ್ಲವನ್ನೂ ಒಂದೇ ಗುಂಪಿನಲ್ಲಿ ಅರೆದು ಕುಡಿಸುತ್ತೇವೆ ಅನ್ನುವ ಮಾತು ನನಗೆ ಅಷ್ಟು ನಂಬಿಕೆಯದ್ದಾಗಿ ಕಾಣುವುದಿಲ್ಲ.

ಜನವರಿಯಲ್ಲಿ ಪ್ರಿಪರೇಟರಿ, ಅದೇ ಹೊತ್ತಿಗೆ ಪುತ್ತಿಗೆ ಮಠದ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುವಾಗ ಉಡುಪಿಯಲ್ಲಿ ಯಾರು ಪುಸ್ತಕ ಹಿಡಿದು ಕೂರುತ್ತಾರೆ? ಓದು ನಿಂತಿತು, ನಿಂತದ್ದರಿಂದ ಏನೂ ಹಾಳಾಗಲಿಲ್ಲ.

ಪ್ರಾಕ್ಟಿಕಲ್‌ಗೆ ಬೇಕಾದ ಸಾಮಾನು ನಮ್ಮ ಟೆರೇಸಿನಲ್ಲಿ ಇಲ್ಲ, ಲ್ಯಾಬು ಕಾಲೇಜಿನಲ್ಲಿ. ಆದರೆ ವೈವಾದ, ಅಂದರೆ ಬಾಯಲ್ಲಿ ಕೇಳುವ ಪ್ರಶ್ನೆಗಳ, ಅಭ್ಯಾಸ ಇಲ್ಲೇ ನಡೆಯಿತು. ಪರ್ಮಾಂಗನೇಟನ್ನು ಆಕ್ಸಾಲಿಕ್ ಆಸಿಡ್ ಜೊತೆ ಟೈಟ್ರೇಟ್ ಮಾಡುವಾಗ, ಅಂದರೆ ಹನಿ ಹನಿ ಬಿಟ್ಟು ಅಳೆಯುವಾಗ, ಯಾಕೆ ಬಿಸಿ ಮಾಡಬೇಕು, ಮೋರ್ಸ್ ಸಾಲ್ಟ್ ಆದರೆ ಯಾಕೆ ಮಾಡಬಾರದು? ಆಕ್ಸಾಲಿಕ್ ಆಸಿಡ್ ತಣ್ಣಗಿದ್ದರೆ ಪ್ರತಿಕ್ರಿಯೆ ನಿಧಾನ, 60-70 ಡಿಗ್ರಿಗೆ ತರಬೇಕು. ಮೋರ್ಸ್ ಸಾಲ್ಟಿನ ಫೆರಸ್ ಕಬ್ಬಿಣ ಬಿಸಿ ಮಾಡಿದರೆ ಗಾಳಿಯ ಆಮ್ಲಜನಕಕ್ಕೇ ಫೆರಿಕ್ ಆಗಿಬಿಡುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಯಾಕೆ ಹಾಕಬಾರದು? ಪರ್ಮಾಂಗನೇಟ್ ಅದರ ಕ್ಲೋರೈಡನ್ನೂ ಆಕ್ಸಿಡೈಸ್ ಮಾಡಿ ಖರ್ಚಾಗುತ್ತದೆ, ರೀಡಿಂಗ್ ಸುಳ್ಳು ಬರುತ್ತದೆ. ಮೊದಲ ಹನಿಯ ಬಣ್ಣ ಹೋಗಲು ಹೊತ್ತು ಹಿಡಿದು, ಆಮೇಲಿನವು ಪಟಪಟ ಹೋಗುವುದು ಯಾಕೆ? ಹುಟ್ಟಿದ ಮ್ಯಾಂಗನೀಸ್ ಅಯಾನೇ ವೇಗವರ್ಧಕ.

ಇದನ್ನೆಲ್ಲ ಚಂದ ಹೇಳಿದ್ದು ಮಲ್ಪೆಯವಳು, ಲ್ಯಾಬಲ್ಲಿ ಚಂದ ಮಾಡಿದ್ದು ಬ್ರಹ್ಮಾವರದವನು. ಬ್ಯೂರೆಟ್ ಅನ್ನುವ ಅಳತೆಯ ಕೊಳವೆಯ ಕೀಲಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಫ್ಲಾಸ್ಕ್ ತಿರುಗಿಸುತ್ತಾ, ಕೊನೆಗೆ ಹನಿಯಲ್ಲ ಅರ್ಧ ಹನಿ ಬಿಡುವ ಕೈ ಅವನದ್ದು. ತಿಳಿ ಗುಲಾಬಿ ಬಣ್ಣ ನಿಂತರೆ ನಿಲ್ಲಿಸುತ್ತಿದ್ದ. ಮಲ್ಪೆಯವಳ ಫ್ಲಾಸ್ಕ್ ಯಾವಾಗಲೂ ಗಾಢ ನೇರಳೆ, ಅಂದರೆ ದಾಟಿ ಹೋಗಿದೆ. ಇನ್ನೊಂದು, ಅವಳು ರೀಡಿಂಗನ್ನು ದ್ರಾವಣದ ಕೆಳ ಅಂಚಿಗೆ ನೋಡುತ್ತಿದ್ದಳು. ಪರ್ಮಾಂಗನೇಟಿನಂಥ ಕಡು ಬಣ್ಣದ್ದರಲ್ಲಿ ಕೆಳಗಿನ ವಕ್ರ ಕಾಣುವುದೇ ಇಲ್ಲ, ಮೇಲಿನ ಅಂಚು ನೋಡಬೇಕು. ಹೇಳಿಕೊಟ್ಟದ್ದು ಅವನೇ. ಫ್ಲಾಸ್ಕಿನಲ್ಲಿ ಕಂದು ಬಣ್ಣದ ಕದಡು ಬಂದರೆ ಸಲ್ಫ್ಯೂರಿಕ್ ಆಸಿಡ್ ಸಾಲದೇ ಮ್ಯಾಂಗನೀಸ್ ಡೈಆಕ್ಸೈಡ್ ಆಗಿದೆ ಅಂತ ಗುರುತಿಸಿ ಪಕ್ಕದ ಟೇಬಲಿನವರಿಗೂ ಹೇಳುತ್ತಿದ್ದನಂತೆ. ಮನೆಯಲ್ಲಿ ಮೊದಲ ಸಲ ಕೆಮಿಸ್ಟ್ರಿಯ ವಿಷಯ ತಾನಾಗಿ ಮಾತಾಡಿದ ಅಂತ ಅವನ ತಾಯಿ ನನಗೆ ಫೋನ್ ಮಾಡಿದ್ದರು.

ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ ಆಯಿತು, ಏಪ್ರಿಲ್ 10ಕ್ಕೆ ಫಲಿತಾಂಶ. ಮಲ್ಪೆಯವಳದ್ದು ಕೇಳುವುದೇ ಬೇಡ. ನಮ್ಮ ಹುಡುಗಿಗೂ ಹಿರಿಯಡ್ಕದವನಿಗೂ ಕೆಮಿಸ್ಟ್ರಿಯಲ್ಲಿ 90 ದಾಟಿತು. ಬ್ರಹ್ಮಾವರದವನಿಗೆ ಫಸ್ಟ್ ಕ್ಲಾಸ್, ಅಂಗಡಿಯಲ್ಲಿ ಸ್ವೀಟು ಹಂಚಿದರು. ಇದೆಲ್ಲ ಬಾರದವರನ್ನು ಬೋರ್ಡಿಗೆ ಕಳಿಸಿದ್ದರಿಂದಲೇ ಅಂತ ಹೇಳುವಷ್ಟು ದಡ್ಡಿ ನಾನಲ್ಲ. ಕಾಲೇಜಿನಲ್ಲಿ ಪಾಠ ಇತ್ತು, ಕೊನೆಗೆ ಭಯವೂ ಇತ್ತು, ಭಯಕ್ಕೆ ಓದಿಸುವ ಶಕ್ತಿ ಬಹಳ. ಆದರೆ ಅಮೀನ್, ನರ್ನ್ಸ್ಟ್, ಕೈನೆಟಿಕ್ಸ್, ಎಲ್ಲಿ ಜಗಳ ಆಯಿತೋ ಅಲ್ಲಿ ಐವರೂ ಅಂಕ ಬಿಡಲಿಲ್ಲ. ಮಲ್ಪೆಯವಳೊಬ್ಬಳೇ ಹೇಳಿದ, ಹೊಸ ಪುಸ್ತಕದ ಮೊದಲ ಅಧ್ಯಾಯ ಸೊಲ್ಯೂಷನ್ಸಿನಲ್ಲಿ ಮೂವರು ಎಡವಿದರು, ಅದನ್ನು ಆಮೇಲೆ ಮತ್ತೆ ಓದಿದ್ದರೂ.

ಸಾಲಿಡ್ ಸ್ಟೇಟ್ ಮತ್ತೆ ಬರುತ್ತದೆ ಅಂದಿದ್ದೆನಲ್ಲ. ಏಪ್ರಿಲ್ 18, 19ರ ಸಿಇಟಿಯಲ್ಲಿ ಪಠ್ಯದಿಂದ ತೆಗೆದ ಭಾಗಗಳಿಂದ ಪ್ರಶ್ನೆ ಬಂದು ರಾಜ್ಯವಿಡೀ ಗಲಾಟೆ ಆಯಿತು. ಹಳೇ ನೋಟ್ಸ್ ಓದಿದ್ದ ಕಾಪುವಿನವನು ಮಾತ್ರ ಖುಷಿಯಲ್ಲಿ ಬಂದ, ಎಲ್ಲರೂ ಬಿಟ್ಟದ್ದನ್ನು ತಾನು ಮಾಡಿದ್ದೇನೆ ಅಂತ. ಕೊನೆಗೆ ಪಠ್ಯದ ಹೊರಗಿನ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ತೀರ್ಮಾನ ಆಯಿತು. ಪಾಪ, ಅವನ ಶ್ರಮ ಹಾಗೇ ಹೋಯಿತು. ಉಳಿದ ನಾಲ್ವರು ನಕ್ಕದ್ದು ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು.

ಐವರಲ್ಲಿ ನಿರೀಕ್ಷೆಗಿಂತ ಕಡಿಮೆ ಬಂದದ್ದೂ ಅವನಿಗೇ. ಗಮನಿಸಿ ನೋಡಿದರೆ ಚೀಟಿ ಎತ್ತುವ ಕ್ರಮ ಬಂದ ಮೇಲೂ ಅವನು ಆದಷ್ಟು ತಪ್ಪಿಸಿಕೊಂಡಿದ್ದ, ಹೆಸರು ಬಂದ ದಿನ ಗಂಟಲು ನೋವು, ಇಲ್ಲವಾದರೆ ಬಸ್ಸು ತಪ್ಪಿತು. ನೋಟ್ಸ್ ಮಾತ್ರ ಪೂರ್ತಿ. ಆ ವರ್ಷದಿಂದ ಪಿಯುವಿಗೆ ಮೂರು ಪರೀಕ್ಷೆ ಬರೆದು ಹೆಚ್ಚು ಅಂಕ ಬಂದದ್ದನ್ನು ಉಳಿಸಿಕೊಳ್ಳುವ ವ್ಯವಸ್ಥೆ ಬಂದಿತ್ತು, ಏಪ್ರಿಲ್ ಕೊನೆಗೆ ಶುರುವಾದ ಪರೀಕ್ಷೆ-2ಕ್ಕೆ ಕೆಮಿಸ್ಟ್ರಿ ಕಟ್ಟಿದ. ಗುಂಪು ಆಗಲೇ ಚದುರಿತ್ತು, ಮಲ್ಪೆಯವಳಿಗೆ ಮೇ 5ರ ನೀಟಿನ ತಲೆಬಿಸಿ. ಇವನು ದಿನಾ ಮಧ್ಯಾಹ್ನ ಬ್ರಹ್ಮಾವರದ ಅಂಗಡಿಗೆ ಹೋಗಿ ಕೂರತೊಡಗಿದ. ಅಲ್ಲಿ ಬೋರ್ಡಿಲ್ಲ, ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ಹೇಳಬೇಕು, ನೋಟ್ಸ್ ತರಲಿಕ್ಕಿಲ್ಲ ಅಂತ ಬ್ರಹ್ಮಾವರದವನ ಕಟ್ಟುನಿಟ್ಟು. ಗಿರಾಕಿ ಬಂದರೆ ನಿಲ್ಲಿಸುವುದು, ಹೋದ ಮೇಲೆ ಮೊದಲಿಂದ ಹೇಳುವುದು. ಮುಂದಿನ ಫಲಿತಾಂಶದಲ್ಲಿ ಅವನ ಅಂಕ ಏರಿತು, ಮಂಗಳೂರಲ್ಲಿ ಬಿಎಸ್‌ಸಿಗೆ ಸೇರಿದ, ಕೆಮಿಸ್ಟ್ರಿಯನ್ನೂ ತೆಗೆದುಕೊಂಡಿದ್ದಾನೆ.